ಹಲಗೆಯ ಮೇಲೊಂದು ಕೌದಿ

ಮೊದಲು ಬೆಂಚನ್ನೇ ನೋಡೋಣ. ತೇಗದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಸ್ಕ್ರೂ ಹಾಕಿ ಬಿಗಿದದ್ದು. ಪಟ್ಟಿ ಪಟ್ಟಿಯ ನಡುವೆ ಕಿರುಬೆರಳು ತೂರುವಷ್ಟು ಸಂದು. ವರ್ಷಗಟ್ಟಲೆ ಧೋತರ, ಸೀರೆ, ಪಾಯಿಜಾಮ ತಿಕ್ಕಿ ತಿಕ್ಕಿ ಪಟ್ಟಿಯ ಅಂಚು ಮೊಂಡಾಗಿದೆ. ಜನ ಕೂತೂ ಕೂತೂ ನಡುವಿನ ಜಾಗ ಹೊಳಪೇರಿದೆ, ಗೋಡೆಗೆ ಹತ್ತಿದ ಮೂಲೆ ಮಾತ್ರ ಇನ್ನೂ ಒರಟು. ಒರಗುವ ಹಲಗೆ ನೆಟ್ಟಗೆ ನಿಂತಿದೆ, ಬೆನ್ನಿನ ಬಾಗು ಅದಕ್ಕೆ ಗೊತ್ತಿಲ್ಲ. ಹುಬ್ಬಳ್ಳಿಯಿಂದ ಹೊರಟವರು ಹರಿಹರ ಮುಟ್ಟುವಷ್ಟರಲ್ಲಿ ಪಟ್ಟಿಯ ಗೆರೆಗಳೆಲ್ಲ ತೊಡೆಯ ಮೇಲೆ ಮೂಡಿರುತ್ತಿದ್ದವು. ಸಂದಿನೊಳಗೆ ತಿಗಣಿ. ಹಗಲು ಸುಮ್ಮನಿದ್ದು, ದೀಪ ಮಂದವಾದ ಮೇಲೆ ಹೊರಗೆ ಬರುತ್ತಿದ್ದವು.

ಮೀಟರ್‌ಗೇಜ್ ಕಾಲದ ಹುಬ್ಬಳ್ಳಿ-ಧಾರವಾಡದ ಪ್ಯಾಸೆಂಜರ್ ಗಾಡಿಗಳಲ್ಲಿ ಜನ ಕೂತದ್ದು ಇಂಥ ಹಲಗೆಯ ಮೇಲೆ. ಹಳೆಯ ರೈಲಿನ ಮಾತು ಬಂದರೆ ಎಂಜಿನ್ನಿನ ಹೊಗೆ, ಸಿಳ್ಳು, ಚಕ್ರದ ಸದ್ದು ಬರೆದವರು ಬೇಕಾದಷ್ಟು ಮಂದಿ. ಎಂಟು ತಾಸು, ಹತ್ತು ತಾಸು ಜನ ಕೂತದ್ದು ಹೇಗೆ ಎಂಬುದನ್ನು ಬರೆದವರು ಕಡಿಮೆ. ನನಗೆ ಅದೇ ಮುಖ್ಯ ಅನಿಸುತ್ತದೆ. ರೈಲ್ವೆ ಕೊಟ್ಟದ್ದು ಹಲಗೆ ಮಾತ್ರ. ಅದನ್ನು ಕೂಡುವ ಜಾಗ ಮಾಡಿಕೊಂಡವರು ಈ ಭಾಗದ ಜನ, ತಮ್ಮ ಮನೆಯ ಹಾಸಿಗೆ ಹೊತ್ತು ತಂದು.

ಕೂಡುವ ಮೊದಲು ಜಾಗ ಹಿಡಿಯಬೇಕು. ಖಾಲಿ ಗಾಡಿ ಯಾರ್ಡಿನಿಂದ ಹಿಂದೆ ಹಿಂದೆ ಸರಿಯುತ್ತ ಪ್ಲಾಟ್‌ಫಾರ್ಮಿಗೆ ಬರುವಾಗಲೇ ಕಿಟಕಿಯೊಳಗಿಂದ ಟವೆಲ್ಲು, ರುಮಾಲು, ಚೀಲ, ಕೊನೆಗೆ ಹುಡುಗರನ್ನೂ ಒಳಗೆ ತೂರಿಸುತ್ತಿದ್ದರು. ಟವೆಲ್ಲು ಬಿದ್ದಲ್ಲಿ ಹಕ್ಕು ಬಿತ್ತು. ಅದನ್ನು ಎತ್ತಿ ಬದಿಗಿಟ್ಟು ಕೂತರೆ ಜಗಳ ಖಾತ್ರಿ. ಆದರೆ ಆ ಜಗಳ ಉಣಕಲ್ಲು ದಾಟುವ ತನಕ ಮಾತ್ರ. ನವಲೂರು ಬರುವಷ್ಟರಲ್ಲಿ “ನಿಮ್ದು ಯಾವೂರ್ರೀ?” ಎಂಬ ಮಾತು ಶುರುವಾಗಿರುತ್ತಿತ್ತು.

ಜಾಗ ಹಿಡಿಯುವುದರಲ್ಲೂ ತಿಳಿವಳಿಕೆ ಬೇಕಿತ್ತು. ಬೆಳಗಿನ ಗಾಡಿಗೆ ಬೆಂಗಳೂರ ಕಡೆ ಹೊರಟರೆ ಎಡಗಡೆ ಬಿಸಿಲು, ಮಕ್ಕಳಿದ್ದವರು ಬಲಗಡೆ ಹಿಡಿಯಬೇಕು. ಎಂಜಿನ್ನಿಗೆ ಮುಖ ಮಾಡಿ ಕೂತರೆ ಗಾಳಿ ಚೆನ್ನ, ಆದರೆ ಕಲ್ಲಿದ್ದಲ ಕಿಡಿಯೂ ಆ ಗಾಳಿಯಲ್ಲೇ ಬರುತ್ತದೆ. ವೈ.ಪಿ., ವೈ.ಜಿ. ಉಗಿ ಎಂಜಿನ್ನುಗಳ ಕಾಲದಲ್ಲಿ ಬಿಳಿ ಧೋತರ ಉಟ್ಟವರು ಎಂಜಿನ್ನಿಗೆ ಬೆನ್ನು ಹಾಕಿ ಕೂಡುತ್ತಿದ್ದರು. ಕಣ್ಣಿಗೆ ಕರಿ ಬಿದ್ದರೆ ಎದುರಿಗೆ ಕೂತ ಹೆಣ್ಣುಮಗಳು ಸೆರಗಿನ ತುದಿಯನ್ನು ಬಾಯಲ್ಲಿ ಬಿಸಿ ಮಾಡಿ ಕಣ್ಣಿಗೆ ಒತ್ತುತ್ತಿದ್ದಳು. ಗಾಲಿಯ ಮೇಲಿನ ಬೆಂಚು ಬೇಡ, ಅಲ್ಲಿ ಕುಲುಕು ಜಾಸ್ತಿ. ಬಾಗಿಲ ಪಕ್ಕದ್ದು ಬೇಡ, ಅಲ್ಲಿ ಬುಟ್ಟಿ ಹೊತ್ತವರು ಹತ್ತಿ ಇಳಿಯುತ್ತಲೇ ಇರುತ್ತಾರೆ. ನಡು ಡಬ್ಬಿಯ ನಡುಬೆಂಚಿನ ಕಿಟಕಿಯೇ ಎಲ್ಲಕ್ಕಿಂತ ಉತ್ತಮ.

ಆ ಕುಲುಕಿಗೆ ಕಾರಣವಿದೆ. ಮೀಟರ್‌ಗೇಜ್ ಎಂದರೆ ಎರಡು ಹಳಿಗಳ ನಡುವೆ ಬರೀ 1000 ಮಿಲಿಮೀಟರ್. ಅದರ ಮೇಲೆ ನಿಂತ ಡಬ್ಬಿಯ ಅಗಲ ಸುಮಾರು 9 ಅಡಿ. ಹಳಿಯಿಂದ ಆಚೆಗೆ ಎರಡೂ ಬದಿ ಮೂರು ಮೂರು ಅಡಿ ಡಬ್ಬಿ ಚಾಚಿಕೊಂಡಿರುತ್ತದೆ. ಹೀಗಿರುವಾಗ ಹಳಿ ಒಂದಿಷ್ಟು ಏರುಪೇರಾದರೂ ಕಿಟಕಿಯ ಹತ್ತಿರ ಕೂತವರಿಗೆ ತೂಗಾಟ ದೊಡ್ಡದಾಗಿ ತಟ್ಟುತ್ತದೆ. ತುಂಡು ಹಳಿಗಳ ಜೋಡಣೆಯ ಮೇಲೆ ಗಾಲಿ ಹಾಯುವಾಗ ಏಳುವ ಹೊಡೆತ ಕಬ್ಬಿಣದ ಚೌಕಟ್ಟಿಗೆ ಬಂದು, ಅಲ್ಲಿಂದ ಪಟ್ಟಿಗೆ ಬಂದು, ನೇರ ಬೆನ್ನುಹುರಿಗೆ ಮುಟ್ಟುತ್ತಿತ್ತು. ನಡುವೆ ಅದನ್ನು ನುಂಗಿಕೊಳ್ಳುವ ಮೆತ್ತನೆಯದು ಏನೂ ಇರಲಿಲ್ಲ.

ಆ ಮೆತ್ತನೆಯದನ್ನು ಜನ ಮನೆಯಿಂದ ತಂದರು. ನಮ್ಮ ಕಡೆಯ ಕೌದಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹಳೆಯ ಇಳಕಲ್ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಒಂದರ ಮೇಲೊಂದು ಪದರು ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ದಪ್ಪ ದಾರದಲ್ಲಿ ಸಾಲು ಹೊಲಿಗೆ ಹಾಕಿರುತ್ತಾರೆ. ಹೊಲಿಗೆ ಹೊಲಿಗೆಯ ನಡುವೆ ಬಟ್ಟೆ ಸಣ್ಣಗೆ ಉಬ್ಬಿರುತ್ತದೆ. ಈ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯ ಮೇಲೆ ಹಾಸಿದರೆ ಸಂದು ಮುಚ್ಚಿತು, ತಿಗಣಿಯ ದಾರಿಯೂ ಒಂದಿಷ್ಟು ಮುಚ್ಚಿತು, ಕುಲುಕೂ ಕಡಿಮೆಯಾಯಿತು. ರಾತ್ರಿ ಚಳಿ ಬಿದ್ದರೆ ಅದನ್ನೇ ಬಿಚ್ಚಿ ಹೊದ್ದರಾಯಿತು. ಸಾಕಷ್ಟು ಅನುಕೂಲವಿದ್ದವರು ಜಮಖಾನೆ ತರುತ್ತಿದ್ದರು. ನವಲಗುಂದದ ಹೆಣ್ಣುಮಕ್ಕಳು ಮನೆಯೊಳಗೆ ನಿಲುವು ಮಗ್ಗದಲ್ಲಿ ನೇಯುವ, ನವಿಲಿನ ಚಿತ್ತಾರದ ಹತ್ತಿ ಜಮಖಾನೆ ಅದು. ಅಣ್ಣಿಗೇರಿ, ಗದಗಿನ ಕಡೆ ಹೋಗುವ ಗಾಡಿಯಲ್ಲಿ ಮದುವೆ ದಿಬ್ಬಣ ಹತ್ತಿದರೆ ಬೆಂಚಿನ ಮೇಲೆ ಜಮಖಾನೆ, ಕೆಳಗೆ ಎರಡು ಬೆಂಚಿನ ನಡುವಿನ ನೆಲಕ್ಕೂ ಜಮಖಾನೆ. ಸರ್ಕಾರಿ ನೌಕರರದು ಹೋಲ್ಡಾಲು: ದಪ್ಪ ಕ್ಯಾನ್ವಾಸಿನ ಚೀಲ, ಎರಡು ತೊಗಲಿನ ಪಟ್ಟೆ, ಒಳಗೆ ಗಾದಿ, ತಲೆದಿಂಬು, ಒಂದು ಜೊತೆ ಬಟ್ಟೆ, ಎಷ್ಟೋ ಸಲ ಒಂದು ಜೊತೆ ಚಪ್ಪಲಿ. ಹೋಲ್ಡಾಲು ಬಿಚ್ಚಿದರೆ ಹಾಸಿಗೆ, ಸುತ್ತಿದರೆ ಕೂಡಲು ಮೋಡಾ. ಜಾಗ ಸಿಗದವರು ಸಂದಿಯಲ್ಲಿ ಅದರ ಮೇಲೆಯೇ ಕೂತು ಊರು ಮುಟ್ಟುತ್ತಿದ್ದರು.

ಎದುರುಬದುರು ಬೆಂಚುಗಳ ನಡುವಿನ ಜಾಗ ಎಷ್ಟು ಕಡಿಮೆ ಎಂದರೆ ಎದುರಿನವರ ಮೊಳಕಾಲು ನಮ್ಮ ಮೊಳಕಾಲಿಗೆ ತಾಗುತ್ತಿತ್ತು. ಅಪರಿಚಿತರ ಮೊಳಕಾಲಿಗೆ ಮೊಳಕಾಲು ತಾಗಿಸಿಕೊಂಡು ಐದಾರು ತಾಸು ಮೌನವಾಗಿ ಕೂಡುವುದು ನಮ್ಮ ಜನರಿಂದ ಆಗದ ಮಾತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾಲ್ಕು ಮೊಳಕಾಲು ಸೇರಿದ ಜಾಗವೇ ಊಟದ ಮಣೆ. ಅಲ್ಲಿ ಒಬ್ಬರ ಕಟಕ ರೊಟ್ಟಿ, ಇನ್ನೊಬ್ಬರ ಶೇಂಗಾ ಚಟ್ನಿ, ಮತ್ತೊಬ್ಬರ ಕುಡಿಕೆ ಮೊಸರು. ಬ್ಯಾಡಗಿ ಸ್ಟೇಶನ್ನಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು ಹತ್ತಿದರೆ ಇಡೀ ಡಬ್ಬಿ ಸೀನುತ್ತಿತ್ತು, ಆದರೂ ಚೀಲಕ್ಕೆ ಬೆಂಚಿನ ಕೆಳಗೆ ಜಾಗ ಮಾಡಿಕೊಡುತ್ತಿದ್ದರು. “ಒಂಚೂರು ಸರಕೊಳ್ರಿ” ಎಂಬ ಮಾತಿಗೆ ಇಲ್ಲ ಎಂದವರು ಕಡಿಮೆ. ಮೂವರ ಬೆಂಚಿನಲ್ಲಿ ನಾಲ್ಕು ಮಂದಿ ಕೂಡುವುದು ರೂಢಿ, ಐದನೆಯವರು ತುದಿಯಲ್ಲಿ ಅರ್ಧ ಮೈ ಊರುತ್ತಿದ್ದರು. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಗೆ ಬರುವ ಗಾಡಿಗಳಲ್ಲಂತೂ ಬೆಂಚು ಯಾವುದು, ನೆಲ ಯಾವುದು ತಿಳಿಯುತ್ತಿರಲಿಲ್ಲ. ಸಾಮಾನು ಇಡುವ ಮೇಲಿನ ಹಲಗೆಯ ಮೇಲೂ ಮಕ್ಕಳು ಮಲಗಿರುತ್ತಿದ್ದವು.

ಇಷ್ಟು ಹೇಳಿದ ಮಾತ್ರಕ್ಕೆ ಆ ಹಲಗೆ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮೈ ನೋಯುತ್ತಿತ್ತು. ಬಸುರಿಯರು, ಬಾಣಂತಿಯರು, ಮೂಳೆ ಸವೆದ ಮುದುಕರು ಆ ಹಲಗೆಯ ಮೇಲೆ ಅನುಭವಿಸಿದ್ದು ಹಿಂಸೆಯೇ. ಅದೇ ಗಾಡಿಯಲ್ಲಿ ಎರಡು ಡಬ್ಬಿ ಆಚೆಗೆ ಬೇರೆಯೇ ಜಗತ್ತಿತ್ತು ಎಂಬುದನ್ನು ನೆನೆದರೆ ಸಿಟ್ಟೇ ಬರುತ್ತದೆ.

ಫಸ್ಟ್ ಕ್ಲಾಸಿನ ಹಳೆಯ ಕೋಣೆಗಳು ಡಬ್ಬಿಯ ಈ ಗೋಡೆಯಿಂದ ಆ ಗೋಡೆಯ ತನಕ ಹರಡಿಕೊಂಡಿದ್ದವು. ಪ್ರತಿ ಕೋಣೆಗೂ ಪ್ಲಾಟ್‌ಫಾರ್ಮಿಗೆ ತೆರೆಯುವ ಸ್ವಂತ ಬಾಗಿಲು, ಒಳಗಿಂದ ಚಿಲಕ. ಗಾದಿ ತುಂಬಿ ತೊಗಲು ಹೊದಿಸಿದ ಉದ್ದನೆಯ ಆಸನ, ರಾತ್ರಿ ಅದೇ ಮಂಚ. ಗೋಡೆಗೆ ಕನ್ನಡಿ, ಕೈತೊಳೆಯುವ ಬೋಗುಣಿ. ಇಬ್ಬರೇ ಹೋಗುವುದಾದರೆ ಕೂಪೆ. ಇದಕ್ಕೂ ಮೇಲಿನ ವೈಭವ ನೋಡಬೇಕೆಂದರೆ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಬೇಕು. ಅಲ್ಲಿ 1899ರ ಮಹಾರಾಣಿಯ ಸಲೂನ್ ನಿಂತಿದೆ. ಫಸ್ಟಿಗೂ ಥರ್ಡಿಗೂ ನಡುವೆ ಸೆಕೆಂಡ್ ಕ್ಲಾಸು, ಇಂಟರ್ ಕ್ಲಾಸು. ಗಾದಿಯ ದಪ್ಪ ಒಂದೊಂದು ಮೆಟ್ಟಿಲು ಇಳಿಯುತ್ತ ಬಂದು ಥರ್ಡಿನಲ್ಲಿ ಸೊನ್ನೆಯಾಗುತ್ತಿತ್ತು. ರೈಲ್ವೆಯ ಪ್ರಯಾಣಿಕ ಆದಾಯದ ದೊಡ್ಡ ಪಾಲು ಬರುತ್ತಿದ್ದದ್ದು ಮಾತ್ರ ಆ ಥರ್ಡಿನಿಂದಲೇ. 1917ರಲ್ಲಿ ಗಾಂಧೀಜಿ ಮೂರನೇ ದರ್ಜೆಯ ಪ್ರಯಾಣದ ಬಗ್ಗೆ ಬರೆದ ಕಿರುಹೊತ್ತಗೆಯಲ್ಲಿ ಇದೇ ಅನ್ಯಾಯದ ಲೆಕ್ಕವಿದೆ: ನೂಕುನುಗ್ಗಲು, ಹೊಲಸು, ಒಂದನೆಯ ದರ್ಜೆಗೂ ಮೂರನೆಯ ದರ್ಜೆಗೂ ಇದ್ದ ಸೌಕರ್ಯದ ಅಂತರ. ಮುಂಬಯಿಯಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಕೂತು ಹೋಗಿ, ಕಂಡದ್ದನ್ನು ಅವರು ಬರೆದಿದ್ದರು.

ಈ ಸೀಮೆಗೆ ರೈಲು ತಂದದ್ದು ಸದರ್ನ್ ಮರಾಠಾ ರೈಲ್ವೆ. 1876-78ರ ಭೀಕರ ಬರಗಾಲ ಕಳೆದ ಮೇಲೆ, ಮತ್ತೆ ಅಂಥ ಹೊತ್ತು ಬಂದರೆ ಕಾಳು ಸಾಗಿಸಲು ದಾರಿ ಬೇಕೆಂಬ ಕಾರಣ ಮುಂದಿಟ್ಟುಕೊಂಡು 1882ರಲ್ಲಿ ಆದ ಕಂಪನಿ. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, ಕಚೇರಿ ಮದ್ರಾಸಿಗೆ ಹೋಯಿತು. ಖಾಲಿ ಬಿದ್ದ ಆ ಭವ್ಯ ಕಟ್ಟಡದಲ್ಲಿಯೇ ಕರ್ನಾಟಕ ಕಾಲೇಜು ನೆಲೆಯೂರಿತು. ಇವತ್ತೂ ಕಾಲೇಜಿನ ಎತ್ತರದ ಕಮಾನು, ಅಗಲವಾದ ಪಡಸಾಲೆ ನೋಡಿದಾಗ ನನಗೆ ಕಚೇರಿಯ ಮೇಜುಗಳೇ ಕಣ್ಣಿಗೆ ಕಟ್ಟುತ್ತವೆ. ಈ ರೈಲ್ವೆಯ ಆಡಳಿತವೆಲ್ಲ ನಡೆದದ್ದು ಇಂಥ ತಂಪು ಕೋಣೆಗಳಲ್ಲಿ. ಕಾಗದದ ಮೇಲೆ ಒಂದು ಡಬ್ಬಿಗೆ ಇಷ್ಟು ಆಸನ ಎಂದು ಬರೆದದ್ದು, ಬಿಸಿಲಲ್ಲಿ ಬೆವೆತ ಮನುಷ್ಯರ ಭುಜಕ್ಕೆ ಭುಜ ಒತ್ತಿದ ಸಾಲಾಗುತ್ತಿತ್ತು.

ಕಾಡಿನ ಕಡೆ ಹೋಗುವ ಗಾಡಿಯಲ್ಲಿ ಕಿಟಕಿಯೇ ದೊಡ್ಡ ವಿಷಯ. ಧಾರವಾಡ ಬಿಟ್ಟ ಮೇಲೆ ಕ್ಯಾರಕೊಪ್ಪ, ಮುಗದ, ಕಂಬಾರಗಣವಿ, ಅಳ್ನಾವರ. ಬಯಲು ಹಿಂದೆ ಸರಿದು ಮಲೆನಾಡಿನ ಹಸಿರು ಶುರು. ಅಳ್ನಾವರದಿಂದ ದಾಂಡೇಲಿಗೆ ಕವಲು ಹಳಿ ಹಾಕಿದ್ದೇ ಅಲ್ಲಿನ ಮರ ಸಾಗಿಸಲು. ಲೋಂಡಾ ದಾಟಿ ಕ್ಯಾಸಲ್‌ರಾಕಿನಿಂದ ಘಟ್ಟ ಇಳಿಯುವಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಹಳೆಯ ಡಬ್ಬಿಗಳ ಕಿಟಕಿಗೆ ಎರಡು ಪರದೆ: ಒಂದು ಗಾಜಿನದು, ಇನ್ನೊಂದು ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳದು. ಮರದ ಪರದೆ ಹಾಕಿದರೆ ಗಾಳಿ ಬರುತ್ತದೆ, ಎರಚಲು ಪೂರ್ತಿ ನಿಲ್ಲುವುದಿಲ್ಲ. ಗಾಜು ಹಾಕಿದರೆ ಎರಚಲು ನಿಲ್ಲುತ್ತದೆ, ಒಳಗೆ ಉಸಿರು ಕಟ್ಟುತ್ತದೆ. ಎತ್ತಿ ಹಿಡಿಯುವ ಕೊಕ್ಕೆ ಸಡಿಲಾಗಿದ್ದರೆ ಪರದೆ ದಡಕ್ಕನೆ ಇಳಿದು ಬೆರಳು ಜಜ್ಜಿ ಹೋಗುತ್ತಿತ್ತು. ಹೀಗೆ ಉಗುರು ಕಪ್ಪಾದವರು ಪ್ರತಿ ಓಣಿಯಲ್ಲೂ ಇದ್ದರು. ದೂಧಸಾಗರದ ಹತ್ತಿರ ಬಂದಾಗ ಮಾತ್ರ ಮಳೆ ಇರಲಿ, ಬಿಡಲಿ, ಎಲ್ಲ ಕಿಟಕಿಯೂ ಮೇಲೆ. ಜಲಪಾತದ ತುಂತುರು ಒಳಗೆ ಬಂದು ಬೆಂಚು ತೊಯ್ದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ತೊಯ್ದ ತೇಗಕ್ಕೆ ಒಂದು ವಾಸನೆಯಿದೆ. ಅದನ್ನು ಬಲ್ಲವರು ಇವತ್ತಿಗೂ ಮರೆತಿಲ್ಲ.

ದೀಪದ್ದು ಇನ್ನೊಂದು ಕಥೆ. ಡಬ್ಬಿಯ ಕೆಳಗೆ ಅಚ್ಚಿಗೆ ಪಟ್ಟೆ ಹಾಕಿ ತಿರುಗಿಸುವ ಡೈನಮೊ, ಜೊತೆಗೆ ಬ್ಯಾಟರಿ. ಗಾಡಿ ಓಡಿದರೆ ವಿದ್ಯುತ್ತು ಹುಟ್ಟುತ್ತದೆ, ನಿಂತರೆ ಬ್ಯಾಟರಿಯ ಮೇಲೆ ಭಾರ. ಬ್ಯಾಟರಿ ಹಳೆಯದಾಗಿದ್ದರೆ ಸ್ಟೇಶನ್ನು ಬಂದಾಗ ದೀಪ ಕೆಂಪಗೆ ಸಣ್ಣಗಾಗಿ, ಗಾಡಿ ಬಿಟ್ಟ ಮೇಲೆ ಮತ್ತೆ ಬೆಳಗುತ್ತಿತ್ತು. ಇಳಿಯುವವರು ಸಾಮಾನು ಹುಡುಕುವ ಹೊತ್ತಿಗೇ ಕತ್ತಲು. ಕೆಳದರ್ಜೆಯ ಡಬ್ಬಿಗಳಿಗೆ ಫ್ಯಾನು ಬಂದದ್ದು ಸ್ವಾತಂತ್ರ್ಯದ ನಂತರ. ಬಂದ ಫ್ಯಾನು ತಾನಾಗಿ ತಿರುಗಲು ಶುರು ಮಾಡದಿದ್ದರೆ ಯಾರಾದರೂ ಬೆಂಚಿನ ಮೇಲೆ ಹತ್ತಿ, ಜಾಲರಿಯೊಳಗೆ ಬಾಚಣಿಕೆ ತೂರಿಸಿ ರೆಕ್ಕೆಯನ್ನು ಒಮ್ಮೆ ತಳ್ಳಬೇಕು. ಅದು ತಿರುಗಿತೆಂದರೆ ಡಬ್ಬಿಯಲ್ಲಿ ಒಂದು ಸಮಾಧಾನ ಹರಡುತ್ತಿತ್ತು.

ಈ ಬೆಂಚುಗಳ ಮೇಲೆ ಈ ನೆಲದ ಸಂಗೀತವೂ ಕೂತು ಓಡಾಡಿದೆ. ಹುಬ್ಬಳ್ಳಿಯಿಂದ ಬೆಂಗಳೂರ ದಾರಿಯಲ್ಲಿ ಕುಂದಗೋಳ. ಸವಾಯಿ ಗಂಧರ್ವರ ಊರು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಗಾಡಿ ಹತ್ತಿ ಕುಂದಗೋಳಕ್ಕೆ ಹೋಗಿ ಅವರಿಂದ ಪಾಠ ಹೇಳಿಸಿಕೊಂಡು ರಾತ್ರಿ ಗಾಡಿಗೆ ಮರಳುತ್ತಿದ್ದರು. ಗುರುವಿನ ಮನೆಯಲ್ಲೇ ಉಳಿದಿದ್ದ ಹುಡುಗ ಭೀಮಸೇನ ಜೋಶಿ ಕೈಯಲ್ಲಿ ಕಂದೀಲು ಹಿಡಿದು ಸ್ಟೇಶನ್ನಿನ ತನಕ ಅವರನ್ನು ಕಳಿಸಿ ಬರುತ್ತಿದ್ದರು. ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಂದಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಮನೆ, ಮಕ್ಕಳು, ಸಂಗೀತ ಕಚೇರಿಗಳ ನಡುವೆ ಬಿಡುವು ಮಾಡಿಕೊಂಡ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ರಾತ್ರಿ ಗಾಡಿಯಲ್ಲಿ ಮರಳುವುದೆಂದರೆ ಏನೆಂದು ಯೋಚಿಸಬೇಕು. ಆಗ ತಾನೇ ಗುರುವಿನ ಬಾಯಿಂದ ಕೇಳಿದ ಒಂದು ತಾನ, ಒಂದು ಪಲುಕು ಮನಸ್ಸಿನಲ್ಲಿ ಸುತ್ತುತ್ತಿರುವಾಗ ಆಸನದ ಗಡಸು ಅವರಿಗೆ ತಟ್ಟಿತೋ ಇಲ್ಲವೋ.

ಭೀಮಸೇನರದು ಇನ್ನೂ ದೊಡ್ಡ ರೈಲು ಕಥೆ. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಗಾಡಿ ಹತ್ತಿದರು. ಕೈಯಲ್ಲಿ ಕಾಸಿಲ್ಲ, ಟಿಕೆಟ್ಟಿಲ್ಲ. ಡಬ್ಬಿಯಲ್ಲಿ ಹಾಡುತ್ತ, ಸಹಪ್ರಯಾಣಿಕರು ಕೊಟ್ಟದ್ದನ್ನು ಉಣ್ಣುತ್ತ, ಗಾಡಿಯಿಂದ ಗಾಡಿಗೆ ಹತ್ತಿ ಇಳಿದು ಕೊನೆಗೆ ಗ್ವಾಲಿಯರ್ ಮುಟ್ಟಿದರು. ಅವರ ಮೊದಲ ಶ್ರೋತೃಗಳಲ್ಲಿ ಆ ರೈಲು ಪ್ರಯಾಣಿಕರೂ ಇದ್ದರು. ಟಿಕೆಟ್ಟಿಲ್ಲದ ಒಬ್ಬ ಹುಡುಗನಿಗೆ “ಬಾ, ಕೂಡು” ಎಂದು ಬೆಂಚಿನ ತುದಿ ಬಿಟ್ಟುಕೊಟ್ಟವರು ಯಾರೋ, ಅವರ ಹೆಸರು ಎಲ್ಲೂ ದಾಖಲಾಗಿಲ್ಲ. ಅವರನ್ನು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಹಲಗೆ ಹೋಗಲು ಬಹಳ ವರ್ಷ ಹಿಡಿಯಿತು. 1974ರಲ್ಲಿ ಥರ್ಡ್ ಕ್ಲಾಸ್ ಎಂಬ ಹೆಸರನ್ನು ತೆಗೆದು ಸೆಕೆಂಡ್ ಕ್ಲಾಸ್ ಎಂದರು, ಹಲಗೆ ಮಾತ್ರ ಹಾಗೇ ಉಳಿಯಿತು. ನಿಜವಾದ ಬದಲಾವಣೆ ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ. 1977ರ ಡಿಸೆಂಬರ್ 26ರಂದು ಮುಂಬಯಿ-ಹೌರಾ ನಡುವೆ ಶುರುವಾದ ಗೀತಾಂಜಲಿ ಎಕ್ಸ್‌ಪ್ರೆಸ್ಸಿನಲ್ಲಿ ಮೇಲುದರ್ಜೆ, ಕೆಳದರ್ಜೆಯ ಭೇದವಿರಲಿಲ್ಲ. ಎರಡನೇ ದರ್ಜೆಯ ಮಲಗುವ ಹಲಗೆಗೆ ಎರಡು ಇಂಚು ದಪ್ಪದ ಫೋಮ್ ಹಾಕಿಸಬೇಕೆಂದು ಹಟ ಹಿಡಿದವರು ಅವರೇ. ಎರಡೇ ಇಂಚು. ದೇಶದ ಕೋಟ್ಯಂತರ ಬೆನ್ನುಗಳಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಮತ್ತೊಬ್ಬ ರೈಲ್ವೆ ಮಂತ್ರಿ ಮಾಡಿದ್ದು ನಾನು ಕಾಣೆ. ನಿಧಾನವಾಗಿ ಆ ಫೋಮ್ ಎಲ್ಲೆಡೆ ಹರಡಿತು. ಪ್ಯಾಸೆಂಜರ್ ಗಾಡಿಗಳ ಕೂಡುವ ಬೆಂಚಿಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಹಲಗೆ ಹೋಗಿ ರೆಕ್ಸಿನ್ ಬಂದ ಮೇಲೆ ಹುಬ್ಬಳ್ಳಿಗೆ ಹೊಸ ಕೆಲಸ ಬಂತು. ಸದರ್ನ್ ಮರಾಠಾ ಕಂಪನಿ 1880ರ ದಶಕದಲ್ಲೇ ಕಟ್ಟಿದ ಗದಗ ರಸ್ತೆಯ ವರ್ಕ್‌ಶಾಪ್ ಈ ಊರಿನ ಅರ್ಧ ಸಂಸಾರಗಳನ್ನು ಸಾಕಿದೆ. ಅದರ ಭೋಂಗಾ ಕೇಳಿ ಹೊತ್ತು ತಿಳಿಯುತ್ತಿದ್ದ ಓಣಿಗಳಿದ್ದವು. ಓಡಿ ದಣಿದ ಡಬ್ಬಿಗಳು ರಿಪೇರಿಗೆ ಬಂದಾಗ ಗಾಲಿ, ಬ್ರೇಕಿನ ಕೆಲಸ ಒಂದು ಕಡೆ, ಆಸನದ ಕೆಲಸ ಇನ್ನೊಂದು ಕಡೆ. ಟ್ರಿಮ್ಮಿಂಗ್ ಶಾಪಿನವರ ಕೈಗೆ ಬಂದ ಆಸನದ ಸ್ಥಿತಿಯಿಂದಲೇ ಜನರ ನಡತೆ ತಿಳಿಯುತ್ತದೆ: ಬ್ಲೇಡಿನಿಂದ ಸೀಳಿದ ಗಾಯ, ಬೀಡಿಯ ಸುಟ್ಟ ತೂತು, ಪೆನ್ನಿನಲ್ಲಿ ಕೊರೆದ ಪ್ರೇಮಿಗಳ ಹೆಸರು. ಹರಿದ ರೆಕ್ಸಿನ್ ಕಿತ್ತು, ಕುಸಿದ ಫೋಮ್ ತೆಗೆದು, ಹೊಸದನ್ನು ಎಳೆದು ಹಿಡಿದು ಮೊಳೆ ಬಡಿಯಬೇಕು. ಮೂಲೆಯಲ್ಲಿ ನೆರಿಗೆ ಬಿದ್ದರೆ ಅಲ್ಲಿಂದಲೇ ಮುಂದಿನ ಹರುಕು ಶುರುವಾಗುತ್ತದೆ. ಆದ್ದರಿಂದ ಮೂಲೆ ಮಡಿಸುವುದರಲ್ಲೇ ಕಸುಬಿನ ಜಾಣ್ಮೆ.

1990ರ ದಶಕದಲ್ಲಿ ಮೀಟರ್‌ಗೇಜ್ ಹಳಿ ಕಿತ್ತು 1676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಿದರು. ಡಬ್ಬಿಯ ಅಗಲ ಒಂಬತ್ತು ಅಡಿಯಿಂದ ಹತ್ತೂವರೆ ಅಡಿ ದಾಟಿತು, ತೂಗಾಟ ಕಡಿಮೆಯಾಯಿತು. ಹಳಿ ಬೆಸೆದು ಉದ್ದ ಮಾಡಿದ ಮೇಲೆ ಜೋಡಣೆಯ ಹೊಡೆತವೂ ಹೋಯಿತು. 2003ರಲ್ಲಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಗೇ ಬಂತು. 2023ರ ಮಾರ್ಚಿನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಅದೇ ವರ್ಷದ ಜೂನಿನಲ್ಲಿ ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್ ಶುರುವಾಯಿತು. ಅದರ ಮೇಲುದರ್ಜೆಯ ಕುರ್ಚಿ ಕೂತಲ್ಲೇ ತಿರುಗುತ್ತದೆ, ಬೇಕಾದ ದಿಕ್ಕಿಗೆ ಮುಖ ಮಾಡಬಹುದು. ಎಂಜಿನ್ನಿಗೆ ಬೆನ್ನು ಹಾಕಿ ಕೂಡುತ್ತಿದ್ದವರ ಮೊಮ್ಮಕ್ಕಳು ಈಗ ಅದರಲ್ಲಿ ಹೋಗುತ್ತಾರೆ. ಹೋಗಲಿ, ಚೆನ್ನಾಗಿ ಹೋಗಲಿ. ಆದರೆ ಅದೇ ಸ್ಟೇಶನ್ನಿನಿಂದ ಹೊರಡುವ ದೂರದ ಗಾಡಿಗಳ ಜನರಲ್ ಡಬ್ಬಿಯಲ್ಲಿ ಇವತ್ತೂ ಮೂವರ ಜಾಗದಲ್ಲಿ ಐದು ಮಂದಿ ಕೂಡುತ್ತಾರೆ, ಶೌಚಾಲಯದ ಬಾಗಿಲ ಮುಂದೆ ಪೇಪರ್ ಹಾಸಿ ಮಲಗುತ್ತಾರೆ. ಗಾದಿ ಬಂತು, ಜಾಗ ಬರಲಿಲ್ಲ. ಕುರ್ಚಿಯ ಬಗ್ಗೆ ಹೆಮ್ಮೆ ಪಡುವವರು ಒಮ್ಮೆ ಆ ಡಬ್ಬಿಯಲ್ಲಿ ಬ್ಯಾಡಗಿಯ ತನಕವಾದರೂ ಕೂತು ಬರಬೇಕು.

ಹುಬ್ಬಳ್ಳಿಯಲ್ಲಿ 2020ರಿಂದ ರೈಲು ಮ್ಯೂಸಿಯಂ ಇದೆ. ಹಳೆಯ ಎರಡು ಬಂಗಲೆಗಳಲ್ಲಿ ಕಂಪನಿ ಕಾಲದ ಸಾಮಾನುಗಳನ್ನು ಜೋಡಿಸಿದ್ದಾರೆ, ಮಕ್ಕಳು ಖುಷಿಯಿಂದ ನೋಡುತ್ತಾರೆ. ನನ್ನದೊಂದು ಕೋರಿಕೆ. ಅಲ್ಲಿ ಥರ್ಡ್ ಕ್ಲಾಸಿನ ತೇಗದ ಬೆಂಚನ್ನು ಎದುರುಬದುರು ಹಾಕಿ, ಹಗ್ಗ ಕಟ್ಟಿ ದೂರ ನಿಲ್ಲಿಸದೆ, ಬಂದವರನ್ನು ಅದರ ಮೇಲೆ ಕೂಡಿಸಬೇಕು. ಒಂದು ಬೆಂಚು ಬರಿದಾಗಿರಲಿ, ಇನ್ನೊಂದರ ಮೇಲೆ ನಾಲ್ಕು ಮಡಿಕೆಯ ಕೌದಿ ಇರಲಿ. ಎರಡರ ಮೇಲೂ ಅರ್ಧರ್ಧ ತಾಸು ಕೂತು ಎದ್ದರೆ ಸಾಕು. ಪಟ್ಟಿಯನ್ನು ಯಾವ ಓರೆಗೆ ಕೂಡಿಸುತ್ತಿದ್ದರು, ಸಂದು ಎಷ್ಟು ಬಿಡುತ್ತಿದ್ದರು, ಯಾವ ಮರಕ್ಕೆ ಯಾವ ಎಣ್ಣೆ ಎಂಬುದನ್ನು ಬಲ್ಲ ನಿವೃತ್ತ ಬಡಿಗರು ಗದಗ ರಸ್ತೆಯ ಸುತ್ತಮುತ್ತಲ ಓಣಿಗಳಲ್ಲಿ ಇನ್ನೂ ಇದ್ದಾರೆ. ಈ ಕೆಲಸಕ್ಕೆ ಮೊದಲು ಕರೆಯಬೇಕಾದದ್ದು ಅವರನ್ನು, ಅದೂ ಬೇಗ.